ನೆಗೆಟಿವ್ ರಿಪೋರ್ಟ್ ಹಿಡಿದು ಬಂದ ಹುಡುಗ

ಕೌನ್ಸೆಲಿಂಗ್ ಕೋಣೆಗೆ ಬರುವ ಹುಡುಗರು ಸಾಮಾನ್ಯವಾಗಿ ಹೆದರಿಕೊಂಡೇ ಬರುತ್ತಾರೆ. ಆ ಹುಡುಗ ಮಾತ್ರ ನಿರಾಳವಾಗಿದ್ದ. ಎಚ್‌ಐವಿ ಪರೀಕ್ಷೆಯ ರಿಪೋರ್ಟನ್ನು ಮೊಬೈಲಿನಲ್ಲಿ ತೋರಿಸಿ, "ನೆಗೆಟಿವ್ ಬಂದಿದೆ. ಇನ್ನೇನೂ ತೊಂದರೆ ಇಲ್ಲ ಅಲ್ವಾ? ಸುಮ್ನೆ ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದ.

ರಿಪೋರ್ಟ್ ಹಿಂದಿನ ದಿನದ್ದು. "ಸಂಪರ್ಕ ಆಗಿದ್ದು ಯಾವಾಗ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೊನ್ನೆ ರಾತ್ರಿ. ಕಾಂಡೋಮ್ ಹರಿದುಹೋಯ್ತು" ಎಂದ.

ನಾನು ಗಡಿಯಾರ ನೋಡಿದೆ. ಇನ್ನೂ 72 ಗಂಟೆ ದಾಟಿರಲಿಲ್ಲ.

ಇಲ್ಲಿ ಅವಸರ ಇದ್ದರೂ ದನಿಯಲ್ಲಿ ಅವಸರ ತೋರಿಸಬಾರದು. ನಿಧಾನವಾಗಿ ಹೇಳಿದೆ. ಈ ರಿಪೋರ್ಟ್ ಮೊನ್ನೆಯ ರಾತ್ರಿಯ ಬಗ್ಗೆ ಏನೂ ಹೇಳುವುದಿಲ್ಲ. ವೈರಸ್ ಒಳಗೆ ಬಂದ ತಕ್ಷಣ ಪರೀಕ್ಷೆಗೆ ಸಿಗುವುದಿಲ್ಲ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ, ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ಹುಡುಕುವ ಆಂಟಿಜೆನ್-ಆಂಟಿಬಾಡಿ ಪರೀಕ್ಷೆಗೂ 45 ದಿನದವರೆಗೆ ಬೇಕಾಗಬಹುದು. ಬೆರಳು ಚುಚ್ಚಿ ಮಾಡುವ ಕೆಲವು ಪರೀಕ್ಷೆಗಳಿಗೆ 90 ದಿನ. ಇದಕ್ಕೆ ವಿಂಡೋ ಪೀರಿಯಡ್ ಅಂತಾರೆ.

ಅವನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನ್ನ ಕಥೆ ಮುಗೀತಾ?"

ಇಲ್ಲ, ಈಗಲೂ ತಡೆಯಬಹುದು ಎಂದೆ. ಪೆಪ್ ಎನ್ನುವ ಔಷಧಿ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ತಪ್ಪಿಸದೆ ತಗೊಳ್ಳಬೇಕು. ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ಅದು ಹೆಚ್ಚದಂತೆ ಈ ಮಾತ್ರೆಗಳು ತಡೆಯುತ್ತವೆ. ಮತ್ತೆ, ಜೊತೆಗಿದ್ದವರಿಗೆ ಎಚ್‌ಐವಿ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಇದ್ದರೂ ಒಂದು ಸಲದ ಸಂಪರ್ಕಕ್ಕೇ ಸೋಂಕು ಬಂದೇ ಬರುತ್ತದೆ ಅಂತೇನಿಲ್ಲ. ಅವರು ಚಿಕಿತ್ಸೆಯಲ್ಲಿದ್ದು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದೇ ಇಲ್ಲ.

ಈ ಹುಡುಗ ರೋಗಲಕ್ಷಣಗಳನ್ನೆಲ್ಲ ಓದಿಕೊಂಡಿದ್ದ. 72 ಗಂಟೆಯ ವಿಷಯ ಮಾತ್ರ ಗೊತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಹುಡುಗರನ್ನು ಹೆದರಿಸುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚುಕಡಿಮೆ ಆದರೆ ಮೂರು ದಿನದೊಳಗೆ ಎಲ್ಲಿಗೆ ಹೋಗಬೇಕು ಅಂತ ಹೇಳುವವರಿಲ್ಲ. ಹೆದರಿದವನು ಬಾಗಿಲು ಹಾಕಿಕೊಂಡು ಕೂರುತ್ತಾನೆ, ಆ ಮೂರು ದಿನ ಅಲ್ಲೇ ಕಳೆದುಹೋಗುತ್ತದೆ.

ಡಾಕ್ಟರು ನೋಡಿದರು. ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿ ಪರೀಕ್ಷೆಗೆ ರಕ್ತ ತೆಗೆಸಿ, ರಿಪೋರ್ಟಿಗೆ ಕಾಯದೆ ಮೊದಲ ಮಾತ್ರೆ ಅಲ್ಲೇ ಕೊಟ್ಟರು. ನುಂಗಿ ಮತ್ತೆ ನನ್ನ ಕೋಣೆಗೆ ಬಂದು ಕುಳಿತ. ಜೊತೆಗಿದ್ದವರು ಗಂಡೋ ಹೆಣ್ಣೋ ಎಂದು ನಾನಾಗಿ ಊಹಿಸುವುದಿಲ್ಲ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂದು ಮತ್ತೊಮ್ಮೆ ಹೇಳಿದ ಮೇಲೆ ಅವನೇ ಹೇಳಿದ, ಅದು ಒಬ್ಬ ಹುಡುಗ ಅಂತ. ನಾನು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿದೆ. ಅವನ ಭುಜ ಸ್ವಲ್ಪ ಸಡಿಲವಾಯಿತು.

ಕಾಂಡೋಮ್ ಯಾಕೆ ಹರಿಯಿತು ಅಂತ ನೋಡಬೇಕಿತ್ತು. ಮೇಜಿನ ಮೇಲಿನ ಮರದ ಮಾದರಿ ಕೊಟ್ಟು, ಹಾಕಿ ತೋರಿಸು ಎಂದೆ. ತಾರೀಕು ನೋಡದೆ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದ. ತುದಿ ಹಿಂಡಿ ಗಾಳಿ ತೆಗೆಯಲಿಲ್ಲ. "ಜಾರಲಿ ಅಂತ ಏನಾದ್ರೂ ಹಚ್ಚಿದ್ರಾ?" ಎಂದೆ. "ಎಣ್ಣೆ" ಎಂದ. ಎಣ್ಣೆ ಬಿದ್ದರೆ ಕಾಂಡೋಮಿನ ರಬ್ಬರ್, ಅಂದರೆ ಲೇಟೆಕ್ಸ್, ಕೆಲವೇ ನಿಮಿಷದಲ್ಲಿ ದುರ್ಬಲವಾಗುತ್ತದೆ. ವ್ಯಾಸಲೀನ್, ಲೋಷನ್ ಕೂಡ ಹಾಗೇ. ನೀರು ಅಥವಾ ಸಿಲಿಕಾನ್ ಆಧಾರಿತ ಜೆಲ್ ಮಾತ್ರ ಬಳಸಬೇಕು. ಎರಡನೇ ಸಲ ಅವನು ಸರಿಯಾಗಿ ಹಾಕಿದ.

ಮಧ್ಯೆ ಒಮ್ಮೆ ಫೋನ್ ಮಾಡಿ, ವಾಕರಿಕೆ, ಬಿಟ್ಟುಬಿಡಲಾ ಎಂದು ಕೇಳಿದ. ಡಾಕ್ಟರನ್ನು ಕೇಳದೆ ಬಿಡಬೇಡ ಎಂದೆ. ಊಟದ ಜೊತೆ ತಗೊಳ್ಳಲು ಅವರು ಹೇಳಿದ ಮೇಲೆ ಕಡಿಮೆಯಾಯಿತು.

ಮೂರು ತಿಂಗಳ ಪರೀಕ್ಷೆಯೂ ನೆಗೆಟಿವ್ ಬಂತು. ಅವತ್ತು ಅವನು ಪ್ರೆಪ್ ಬಗ್ಗೆ ಕೇಳಿದ. ಸಂಪರ್ಕಕ್ಕೆ ಮೊದಲೇ ತಗೊಳ್ಳುವ ಔಷಧಿ ಅದು. ದಿನಕ್ಕೊಂದು ಮಾತ್ರೆ ಇದೆ. ಎರಡು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ನುಗಳೂ ಬಂದಿವೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಸಿಫಿಲಿಸ್, ಗೊನೊರಿಯಾದಂಥ ಬೇರೆ ಲೈಂಗಿಕ ರೋಗಗಳು ಪ್ರೆಪ್‌ನಿಂದ ನಿಲ್ಲುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು ಎಂದೆ. ಅವನು ಮಾತ್ರೆ ಸಾಕು ಎಂದ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಿದ್ದಾನೆ.