ಬಗ್ಗಿ ಚಾಸಿಯ ತುಕ್ಕು ಬಿಡಿಸುತ್ತಾ

ಬಗ್ಗಿ ಅಂದರೆ ಮರಳಿನಲ್ಲೂ ಓಡಿಸುವ ಪುಟ್ಟ ತೆರೆದ ಗಾಡಿ. ಅದರ ಬಾಡಿ ಎತ್ತಿಟ್ಟ ಮೇಲೆ ಉಳಿದದ್ದು ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಚಾಸಿ, ಅಂದರೆ ಅಡಿಗಟ್ಟು. ಬಗ್ಗಿಗೆ ಹೊಂದಲಿ ಅಂತ ಯಾರೋ ಹಿಂದೆಯೇ ಅದನ್ನು ಕತ್ತರಿಸಿ, ಗಿಡ್ಡ ಮಾಡಿ, ಬೆಸುಗೆ ಹಾಕಿದ್ದಾರೆ. ಮೊದಲು ಆ ಬೆಸುಗೆಯನ್ನೇ ವೈರ್ ಬ್ರಷ್‌ನಿಂದ ಉಜ್ಜಿ ನೋಡಿದೆ. ಬಿರುಕಿಲ್ಲ, ಸಮಾಧಾನವಾಯಿತು. ಗಾಡಿಯ ಬೆನ್ನೆಲುಬೇ ನಡುವೆ ಉದ್ದಕ್ಕೂ ಹೋಗುವ ಟೊಳ್ಳು ತಗಡಿನ ಟನಲ್ ಅಲ್ವಾ?

ತುಕ್ಕು ಜಾಸ್ತಿ ಇದ್ದದ್ದು ಬ್ಯಾಟರಿ ಕೂರುವ ಜಾಗದಲ್ಲಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆ ತಗಡು ಠಣ್ ಅನ್ನುತ್ತದೆ, ಕೆಟ್ಟದ್ದರ ಸದ್ದು ಮಂಕು. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದೆ. ಮೇಲೆ ಸುಮ್ನೆ ತೇಪೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ.

ಪೆಟ್ರೋಲ್ ಪೈಪ್ ಹೋಗುವುದು ಟನಲ್ ಒಳಗೇ. ಅದನ್ನು ತೆಗೆದು, ಚೆನ್ನಾಗಿ ಗಾಳಿಯಾಡಿಸಿದ ಮೇಲೆಯೇ ವೆಲ್ಡಿಂಗ್. ಹೊಸ ತಗಡಿಗೆ ಅಲ್ಲಲ್ಲಿ ಚುಕ್ಕೆ ಇಟ್ಟು, ಆರಲು ಬಿಟ್ಟು ಮುಂದುವರಿದೆ. ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಮುಂದೆ ಜಿಂಕ್ ಪ್ರೈಮರ್, ಆಮೇಲೆ ಬ್ರೇಕ್ ಪೈಪುಗಳು.