ಹಿಮದ ಬೆಟ್ಟದ ಸೊಳ್ಳೆಗಳು

ಜುಲೈ ತಿಂಗಳಲ್ಲಿ ಬೆನ್ನಿಗೆ ಟೆಂಟು ಹೊತ್ತು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಿಗೆ ಹೊರಡುವವರು ಕರಡಿಗಿಂತ ಜಾಸ್ತಿ ಮಾತಾಡುವುದು ಸೊಳ್ಳೆಯ ಬಗ್ಗೆ. ಊರಿನವರಿಗೆ ಹೇಳಿದರೆ ನಂಬುವುದಿಲ್ಲ. "ಹಿಮ ಬೀಳೋ ಕಡೆ ಸೊಳ್ಳೆನಾ? ಚಳಿಗೆ ಸಾಯಲ್ವಾ?" ಅಂತ ಕೇಳುತ್ತಾರೆ. ಸೊಳ್ಳೆ ಸಾಯುತ್ತದೆ, ನಿಜ. ಆದರೆ ಅದು ಇಟ್ಟ ಮೊಟ್ಟೆ ಸಾಯುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮಂಥವರು ಎತ್ತರದ ಬೆಟ್ಟ ಅಂದರೆ ಸಾಮಾನ್ಯವಾಗಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಮೇಲ್ಭಾಗಕ್ಕೆ ಹೋಗುತ್ತೇವೆ. ಅಲ್ಲಿನ ಟುವಾಲುಮಿ ಮೆಡೋಸ್ ಅನ್ನುವ ಹುಲ್ಲುಗಾವಲು ಸುಮಾರು 8,600 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ. ಚಳಿಗಾಲದಲ್ಲಿ ಈ ಬಯಲೆಲ್ಲ ಹಿಮದಡಿ ಮುಚ್ಚಿಹೋಗುತ್ತದೆ. ಅಲ್ಲಿಗೆ ಹೋಗುವ ಟಯೋಗಾ ರಸ್ತೆಯನ್ನೂ ತಿಂಗಳುಗಟ್ಟಲೆ ಮುಚ್ಚುತ್ತಾರೆ.

ಬೇಸಿಗೆಯಲ್ಲಿ ಹೆಣ್ಣು ಸೊಳ್ಳೆ ಈ ಬಯಲಿನ ಒದ್ದೆ ಮಣ್ಣಿನಲ್ಲಿ, ಪಾಚಿಯಲ್ಲಿ ಮೊಟ್ಟೆ ಇಟ್ಟಿರುತ್ತದೆ. ಮಳೆಗೆ ಕಾಯುವ ಬೀಜದ ಹಾಗೆ ಅವು ಹಿಮದ ಕೆಳಗೆ ಚಳಿಗಾಲ ಕಳೆಯುತ್ತವೆ. ಹಿಮ ಕರಗಿ ತಗ್ಗಿನಲ್ಲಿ ನೀರು ನಿಂತ ಕೂಡಲೇ ಒಡೆಯುತ್ತವೆ. ಕೈಯಿಟ್ಟರೆ ಮರಗಟ್ಟುವಂಥ ನೀರಿನಲ್ಲೇ ಮರಿಗಳು ಬೆಳೆಯುತ್ತವೆ. ಊರಿನ ಸೊಳ್ಳೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಬೆಂಗಳೂರಿನಲ್ಲಿ ಡ್ರಮ್ಮಿನಲ್ಲಿ, ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನಿಂದ ಹತ್ತು ದಿನಕ್ಕೊಂದು ಹೊಸ ಪೀಳಿಗೆ ಏಳಬಹುದು. ಇಲ್ಲಿ ವರ್ಷಕ್ಕೆ ಒಂದೇ ಪೀಳಿಗೆ. ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಏಳುತ್ತವೆ, ಕೆಲವು ವಾರ ಬದುಕಿ ಹೋಗಿಬಿಡುತ್ತವೆ.

ಹಾಗಾಗಿ ನಾನು ಚಾರಣದ ದಿನ ಗೊತ್ತು ಮಾಡುವ ಮೊದಲು ಆ ವರ್ಷ ಎಷ್ಟು ಹಿಮ ಬಿದ್ದಿದೆ ಅಂತ ನೋಡುತ್ತೇನೆ. ಸಾಧಾರಣ ವರ್ಷದಲ್ಲಿ ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ ಕಾಟ ಜೋರು. ಆಗಸ್ಟ್ ಮಧ್ಯದ ಹೊತ್ತಿಗೆ ತುಂಬಾ ಕಡಿಮೆಯಾಗುತ್ತದೆ. 2023ರಲ್ಲಿ ಎಷ್ಟು ಹಿಮ ಬಿದ್ದಿತ್ತೆಂದರೆ ಟಯೋಗಾ ರಸ್ತೆ ತೆರೆದದ್ದೇ ಜುಲೈ 22ಕ್ಕೆ. ಅಂಥ ವರ್ಷ ಸೊಳ್ಳೆಯ ಕಾಲವೂ ಮುಂದಕ್ಕೆ ಹೋಗುತ್ತದೆ. ಕ್ಯಾಲೆಂಡರ್ ನೋಡಿದರೆ ಸಾಲದು, ಹಿಮ ನೋಡಬೇಕು.

ಟುವಾಲುಮಿಯಿಂದ ಜಾನ್ ಮ್ಯೂರ್ ಟ್ರೇಲ್ ಅನ್ನುವ ಚಾರಣದ ದಾರಿ ಹಿಡಿದು ದಕ್ಷಿಣಕ್ಕೆ ನಡೆದರೆ ಲೈಯೆಲ್ ಕ್ಯಾನಿಯನ್ ಅನ್ನುವ ಕಣಿವೆ ಸಿಗುತ್ತದೆ. ಮೈಲಿಗಟ್ಟಲೆ ಸಮತಟ್ಟು ದಾರಿ. ಪಕ್ಕದಲ್ಲೇ ನಿಧಾನಕ್ಕೆ ಹರಿಯುವ ಹೊಳೆ, ಎರಡೂ ಕಡೆ ಹುಲ್ಲು, ಅಂಚಿಗೆ ಪೈನ್ ಮರಗಳ ನೆರಳು. ಇಷ್ಟು ಚೆಂದದ ಜಾಗ ನಾನು ಕಂಡದ್ದು ಕಡಿಮೆ. ಸೊಳ್ಳೆಗೂ ಬೇಕಾಗಿರುವುದು ಇದೇ: ನಿಂತ ನೀರು, ನೆರಳು, ಗಾಳಿಯಿಲ್ಲದ ತಗ್ಗು. ನಡೆಯುತ್ತಾ ಇದ್ದರೆ ಅಷ್ಟಾಗಿ ಗೊತ್ತಾಗುವುದಿಲ್ಲ, ಸೊಳ್ಳೆಗಳು ಹಿಂದೆಯೇ ಉಳಿದುಬಿಡುತ್ತವೆ. ನೀರು ಕುಡಿಯಲು ನಿಂತಿರೋ, ಮುತ್ತಿಕೊಳ್ಳುತ್ತವೆ. ನಾವು ಬಿಡುವ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಹಿಡಿದು ಅವು ಬರುತ್ತವೆ. ಹೊರೆ ಹೊತ್ತು ಏರಿ ಬಂದು ಏದುಸಿರು ಬಿಡುತ್ತಿರುವಾಗ ಈ ಮೂರೂ ಜಾಸ್ತಿ. ಕತ್ತಲಾಗಲಿ ಅಂತಲೂ ಕಾಯುವುದಿಲ್ಲ, ಹಾಡುಹಗಲೇ ಕಚ್ಚುತ್ತವೆ.

ಇದಕ್ಕೆ ಮೊದಲ ಮದ್ದು ಬಟ್ಟೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೈಗಂಟುವ ಲೆಗ್ಗಿಂಗ್ಸ್ ಹಾಕಿದರೆ ಅದರ ಮೇಲಿಂದಲೇ ಕಚ್ಚುತ್ತವೆ. ಒತ್ತಾಗಿ ನೇಯ್ದ, ಸಡಿಲವಾದ, ತಿಳಿ ಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟು ಬೇಕು. ಅಂಚಿರುವ ಟೋಪಿಯ ಮೇಲಿಂದ ಮುಖಕ್ಕೆ ಬಲೆ. ಬಲೆ ಚರ್ಮಕ್ಕೆ ತಾಗದಿರಲಿ ಅಂತಲೇ ಅಂಚಿನ ಟೋಪಿ. ಕಪ್ಪು ಬಲೆಯಾದರೆ ಆಚೆಯದು ಚೆನ್ನಾಗಿ ಕಾಣಿಸುತ್ತದೆ. ತೂಕ ಏನೂ ಇಲ್ಲ, ಜೇಬಿನಲ್ಲಿ ಮಡಚಿಟ್ಟುಕೊಳ್ಳಬಹುದು.

ಬಟ್ಟೆಗೆ ಸಿಂಪಡಿಸುವ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಹೊರಡುವ ಮುಂಚೆ ಮನೆಯ ಹೊರಗೆ ಬಟ್ಟೆ ನೇತುಹಾಕಿ, ಸಿಂಪಡಿಸಿ, ಪೂರ್ತಿ ಒಣಗಿಸಬೇಕು. ಸುಮಾರು ಆರು ಒಗೆತದವರೆಗೆ ಕೆಲಸ ಮಾಡುತ್ತದೆ. ಇದು ಚರ್ಮಕ್ಕೆ ಹಚ್ಚುವುದಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಬಟ್ಟೆ ಒಣಗುವವರೆಗೆ ಹತ್ತಿರ ಬಿಡಬೇಡಿ, ಬೆಕ್ಕಿಗೆ ವಿಷ. ಚರ್ಮಕ್ಕೆ ಹಚ್ಚಿ ಸೊಳ್ಳೆಯನ್ನು ದೂರವಿಡಲು ಡೀಟ್ ಅಥವಾ ಪಿಕಾರಿಡಿನ್ ಇದೆ. ಡೀಟನ್ನು ಅಮೆರಿಕದ ಸೈನ್ಯ 1940ರ ದಶಕದಲ್ಲಿ ತನ್ನ ಸೈನಿಕರಿಗೆಂದು ತಯಾರಿಸಿತ್ತು. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕನ್ನಡಕ, ವಾಚು, ಮಳೆಕೋಟು ಎಲ್ಲ ಹಾಳಾಗಬಹುದು. ಅದಕ್ಕೇ ನಾನು 20 ಶೇಕಡಾ ಪಿಕಾರಿಡಿನ್ ಇಟ್ಟುಕೊಳ್ಳುತ್ತೇನೆ. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಇದು. ರಾತ್ರಿ ಈ ಬಾಟಲಿ ಟೆಂಟಿನೊಳಗೆ ಇರಬಾರದು. ವಾಸನೆಯಿರುವುದೆಲ್ಲ ಊಟದ ಜೊತೆ ಕರಡಿ ತೆರೆಯಲಾಗದಂಥ ಡಬ್ಬಿಗೆ ಹೋಗಬೇಕು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಕೈಕಾಲಿಗೆ ಹಚ್ಚಿಕೊಂಡದ್ದನ್ನು ಬೆಟ್ಟದ ಕೆರೆಗಳಲ್ಲಿ ದಯವಿಟ್ಟು ತೊಳೆಯಬೇಡಿ. ಪಾತ್ರೆಯಲ್ಲಿ ನೀರು ತಂದು ದೂರದಲ್ಲಿ ತೊಳೆದುಕೊಳ್ಳಿ. ಬಟ್ಟೆಗೆ ಹಾಕಿದ ಪರ್ಮೆಥ್ರಿನ್ ಅಂತೂ ಮೀನಿಗೆ ನೇರ ವಿಷ. ಇಲ್ಲಿನ ಹಳದಿ ಕಾಲಿನ ಕಪ್ಪೆ 2014ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದು ಬದುಕುವುದು ಇದೇ ನೀರಿನಲ್ಲಿ.

ಊರಲ್ಲಾದರೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ಯೊಸೆಮಿಟಿಯಲ್ಲಿ 9,600 ಅಡಿಗಿಂತ ಮೇಲೆ ಸೌದೆ ಬೆಂಕಿ ಹಚ್ಚುವಂತೆಯೇ ಇಲ್ಲ. ಅಲ್ಲಿ ಗಾಳಿಯೇ ಗತಿ. ಜೋರಾಗಿ ಗಾಳಿ ಬೀಸಿದರೆ ಸೊಳ್ಳೆ ಹಾರಲಾರದು. ಟೆಂಟು ಹಾಕುವಾಗ ಕೆರೆ ಕಾಣುವ ಹುಲ್ಲಿನಂಚು ಎಷ್ಟೇ ಆಸೆ ಹುಟ್ಟಿಸಿದರೂ ಬಿಡಿ. ನೀರಿನಿಂದ 100 ಅಡಿ ದೂರ ಇರಬೇಕು ಅಂತ ಹೇಗೂ ನಿಯಮವಿದೆ. ಇನ್ನೂ ಸ್ವಲ್ಪ ಮೇಲೆ ಹತ್ತಿ ಬೋಳು ಬಂಡೆಯ ಮೇಲೆ, ಗಾಳಿ ಆಡುವಲ್ಲಿ ಹಾಕಿ. ನಾವು ಸಂಜೆಯ ಊಟವನ್ನು ಬೇಗ, ದಾರಿಯಲ್ಲೇ ಗಾಳಿಯಿರುವ ಜಾಗದಲ್ಲಿ ಮುಗಿಸುತ್ತೇವೆ. ಗೊಜ್ಜವಲಕ್ಕಿಗೆ ಬಿಸಿನೀರು ಹಾಕಿದರೆ ಊಟ ರೆಡಿ. ಆಮೇಲೆ ಇನ್ನಷ್ಟು ದೂರ ನಡೆದು ಟೆಂಟು ಹಾಕಿ, ನೇರ ಒಳಗೆ ಸೇರಿ ಜಿಪ್ ಎಳೆಯುವುದು. ಕತ್ತಲಾಗಿ ಚಳಿ ಏರಿತೆಂದರೆ ಸೊಳ್ಳೆ ಅಡಗುತ್ತದೆ. ನಕ್ಷತ್ರ ನೋಡಲು ಆಗ ಆರಾಮಾಗಿ ಹೊರಗೆ ಬರಬಹುದು. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೊರಟರೆ ಒಳ್ಳೆಯದು. ಶೌಚಕ್ಕೆ ಹೋಗುವ ಕೆಲಸವನ್ನೂ ಆ ಚಳಿಯಲ್ಲೇ ಮುಗಿಸಿಬಿಡುವುದು ವಾಸಿ. ಹೆಂಗಸರಿಗಂತೂ ಇದು ನಿಜಕ್ಕೂ ದೊಡ್ಡ ಸಮಾಧಾನ.

ಡೆಂಗಿ, ಮಲೇರಿಯಾ ನೋಡಿ ಬೆಳೆದವರಿಗೆ ಒಂದು ನೆಮ್ಮದಿಯ ಮಾತು: ಈ ಎತ್ತರದ ಸೊಳ್ಳೆಗಳಿಂದ ಆ ಕಾಯಿಲೆಗಳ ಭಯ ಇಲ್ಲ. ಸಾಮಾನ್ಯವಾಗಿ ತುರಿಕೆ, ದದ್ದು ಅಷ್ಟೇ. ಇನ್ನು ಇವುಗಳಿಗೂ ಕಾಡಿನಲ್ಲಿ ಒಂದು ಕೆಲಸವಿದೆ. ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ ಒಂದು ಬಗೆಯ ಪುಟ್ಟ ಆರ್ಕಿಡ್ ಇದೆ. ಅದರ ಮಕರಂದ ಕುಡಿಯಲು ಹೋದ ಸೊಳ್ಳೆಯ ಕಣ್ಣಿಗೆ ಪರಾಗದ ಗಂಟು ಅಂಟಿಕೊಳ್ಳುತ್ತದೆ. ಅದನ್ನು ಹೊತ್ತು ಇನ್ನೊಂದು ಹೂವಿಗೆ ಮುಟ್ಟಿಸುತ್ತದೆ. ಇದನ್ನು ತಿಳಿದ ಮೇಲೆ ಸೊಳ್ಳೆಯ ಮೇಲಿನ ನನ್ನ ಸಿಟ್ಟು ಕಡಿಮೆಯಾಗಿದೆ.

ಮಕ್ಕಳ ಮನೆಗೆಂದು ಈ ಕಡೆ ಬರುವ ಹಿರಿಯರು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬಂದು ಅಕ್ಟೋಬರ್‌ವರೆಗೆ ಇರುತ್ತಾರೆ. ಅವರನ್ನು ಟುವಾಲುಮಿಗೆ ಕರೆದೊಯ್ಯುವವರು ಸೆಪ್ಟೆಂಬರ್ ಆರಿಸಿಕೊಳ್ಳಿ. ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಸೊಳ್ಳೆ ಹೆಚ್ಚುಕಡಿಮೆ ಇರುವುದೇ ಇಲ್ಲ. ರಾತ್ರಿ ಉಳಿಯುವುದಾದರೆ ದಪ್ಪ ಸ್ವೆಟರ್, ಮಂಕಿ ಟೋಪಿ ಇರಲಿ. ಆದರೆ ಬಯಲಿನ ತುಂಬ ಹೂ ಅರಳುವುದು ಜುಲೈನಲ್ಲಿ, ಹಿಮ ಕರಗಿದ ಅದೇ ನೀರಿಗೆ. ಹೂ ನೋಡಲೇಬೇಕು ಅನ್ನುವವರು ತಲೆಗೊಂದರಂತೆ ಬಲೆ ತೆಗೆದುಕೊಂಡು ಜುಲೈನಲ್ಲೇ ಹೋಗಿ. ನಾನೂ ಆಗಲೇ ಹೋಗುತ್ತೇನೆ.