ಮೂವರು ಕರ್ಣರು ಮತ್ತು ಮೇಲುಕೋಟೆ

ನೆಂಟರನ್ನು ಮೇಲುಕೋಟೆಗೆ ಕರೆದೊಯ್ದಾಗಲೆಲ್ಲ, ಚೆಲುವನಾರಾಯಣನ ದರ್ಶನ ಮುಗಿಸಿ ಪುಳಿಯೋಗರೆ ತಿಂದ ಮೇಲೆ, ರಾಯಗೋಪುರದ ಕಂಬಗಳ ನಡುವೆ ನಿಂತು ‘ರಜನಿಕಾಂತ್ ಕುಣಿದದ್ದು ಇಲ್ಲಿಯೇ’ ಎಂದು ತೋರಿಸುವ ಅಭ್ಯಾಸ ನಮ್ಮ ಮಂಡ್ಯದ ಮನೆಯಲ್ಲಿ ಇಂದಿಗೂ ಇದೆ. ಕರ್ಣನ ಕಥೆಯನ್ನು ಇಂದಿನ ಕಾಲಕ್ಕೆ ತಂದ ಮಣಿರತ್ನಂ ಅವರ 1991ರ ತಮಿಳು ಚಿತ್ರ ‘ದಳಪತಿ’ಯ ‘ರಾಕ್ಕಮ್ಮ’ ಹಾಡು ಅಲ್ಲಿ ಚಿತ್ರೀಕರಣಗೊಂಡಿತ್ತು. ಪಾಂಡವರ ಹೆಸರು ಹೊತ್ತ ತಾಲ್ಲೂಕಿನಲ್ಲಿ ಕರ್ಣನ ಕಥೆಯ ಕುಣಿತ ನಡೆದದ್ದು ಆಕಸ್ಮಿಕವೇ ಇರಬೇಕು. ಆದರೆ ತಮಿಳು ಚಿತ್ರರಂಗ ಬದಲಾದ ಬಗೆಯನ್ನು ಯೋಚಿಸುವಾಗ ನನಗೆ ಮೊದಲು ನೆನಪಾಗುವವನು ಈ ಕರ್ಣನೇ.

ನಮಗೆ ‘ಕಿತ್ತೂರು ಚೆನ್ನಮ್ಮ’ನನ್ನು ಕೊಟ್ಟ ಬಿ.ಆರ್. ಪಂತುಲು ಅವರು 1964ರಲ್ಲಿ ತಮಿಳಿನಲ್ಲಿ ‘ಕರ್ಣನ್’ ಮಾಡಿದರು. ಅಲ್ಲಿ ಶಿವಾಜಿ ಗಣೇಶನ್ ಅವರ ಕರ್ಣ ಕಿರೀಟ ತೊಟ್ಟು, ರಂಗಭೂಮಿಯ ಗತ್ತಿನಲ್ಲಿ, ತೂಕದ ತಮಿಳು ಮಾತನಾಡುತ್ತಾನೆ. ಅವಮಾನ ಅವನಿಗೂ ಇದೆ, ಆದರೆ ಅದು ಅರಮನೆಯೊಳಗಿನ ಅವಮಾನ.

ಮುಂದೆ 1977ರಲ್ಲಿ ಭಾರತಿರಾಜ ‘16 ವಯದಿನಿಲೆ’ಯ ಮೂಲಕ ಕ್ಯಾಮೆರಾವನ್ನು ಸ್ಟುಡಿಯೋದಿಂದ ಹೊಲಗದ್ದೆಗೆ ತಂದರು. ಆ ತಮಿಳು ಹಳ್ಳಿಯ ಬಹುಪಾಲು ಮೈಸೂರು, ಕೊಳ್ಳೇಗಾಲದ ಕಡೆಯದು ಎಂಬುದು ನಮ್ಮವರಿಗೊಂದು ಸಣ್ಣ ಹೆಮ್ಮೆ.

‘ದಳಪತಿ’ಯಲ್ಲಿ ಕರ್ಣ ಸೂರ್ಯನಾದ, ತಾಯಿ ಗೂಡ್ಸ್ ರೈಲಿನಲ್ಲಿ ಬಿಟ್ಟುಹೋದ ಕೂಸು ಕೊಳೆಗೇರಿಯಲ್ಲಿ ಬೆಳೆಯಿತು. ಸಂತೋಷ್ ಶಿವನ್ ಸೆರೆಹಿಡಿದ ಬೆಳಕು, ಇಳಯರಾಜರ ಸಂಗೀತ ಎರಡೂ ನನಗೆ ಈಗಲೂ ಪ್ರಿಯವೇ. ಆದರೂ, ಇಷ್ಟು ವರ್ಷಗಳ ನಂತರ ನೋಡಿದರೆ, ‘ಸೂತಪುತ್ರ’ ಎಂಬ ಮಾತಿನ ಇರಿತವನ್ನು ಆ ಚಿತ್ರ ಅನಾಥತನದ ನೋವಾಗಿ ಮಾರ್ಪಡಿಸಿಕೊಂಡಿತು ಎನಿಸುತ್ತದೆ. ಅವನಿಗೆ ಇಲ್ಲದಿರುವುದು ತಾಯಿ. ತಾಯಿ ಸಿಕ್ಕರೆ ಅರ್ಧ ಲೆಕ್ಕ ಚುಕ್ತಾ. ಜಾತಿಯ ಹೆಸರು ಎತ್ತುವ ಚಿತ್ರಗಳು ಆಗ ಇರಲಿಲ್ಲವೆಂದಲ್ಲ, ಮರುವರ್ಷವೇ ಬಂದ ‘ತೇವರ್ ಮಗನ್’ ಶೀರ್ಷಿಕೆಯಲ್ಲೇ ಅದನ್ನು ಹೊತ್ತಿತ್ತು. ಆದರೆ ಅದು ಊರ ಯಜಮಾನರ ಮನೆಯ ಜಗಲಿಯಿಂದ ಕಂಡ ಊರು.

ಪ. ರಂಜಿತ್ ಅವರ ‘ಮದ್ರಾಸ್’ (2014) ಮತ್ತು ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ (2018) ಬರುವ ಹೊತ್ತಿಗೆ ಕ್ಯಾಮೆರಾ ಇಟ್ಟ ಜಾಗವೇ ಬದಲಾಗಿತ್ತು. 2021ರಲ್ಲಿ ಮಾರಿ ಸೆಲ್ವರಾಜ್ ಮತ್ತೆ ‘ಕರ್ಣನ್’ ಎಂಬ ಹೆಸರನ್ನೇ ಇಟ್ಟು ಚಿತ್ರ ಮಾಡಿದರು. ಧನುಷ್ ನಟಿಸಿದ ಈ ಕರ್ಣನ ಊರು ಪೊಡಿಯಂಕುಳಂ ಎಂಬ ದಲಿತರ ಹಳ್ಳಿ. ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಮೊದಲ ದೃಶ್ಯದಲ್ಲೇ ಒಬ್ಬ ಹುಡುಗಿ ರಸ್ತೆಯ ನಡುವೆ ಬಿದ್ದು ಒದ್ದಾಡುತ್ತಿರುವಾಗ ವಾಹನಗಳು ಅಕ್ಕಪಕ್ಕದಲ್ಲಿ ಸರಿದುಹೋಗುತ್ತವೆ. ಮುಂಗಾಲು ಕಟ್ಟಿದ ಕತ್ತೆಯೊಂದು ಮತ್ತೆ ಮತ್ತೆ ಕುಪ್ಪಳಿಸುತ್ತಾ ಕಾಣಿಸಿಕೊಳ್ಳುತ್ತದೆ. ಊರ ಹಿರಿಯರಿಗೆ ದುರ್ಯೋಧನ ಮುಂತಾದ ಹೆಸರುಗಳಿರುವುದೇ ಕಣ್ಣಬಿರಾನ್ ಎಂಬ ಪೊಲೀಸ್ ಅಧಿಕಾರಿಯ ಸಿಟ್ಟಿಗೆ ಕಾರಣವಾಗುತ್ತದೆ. ಕೃಷ್ಣನ ಹೆಸರನ್ನು ಆ ಅಧಿಕಾರಿಗೆ ಇಟ್ಟ ನಿರ್ದೇಶಕರ ಚೂಪು ಬುದ್ಧಿಗೆ ನಾನು ತಲೆದೂಗಿದೆ. ರಾಜರ ಹೆಸರು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಪಂತುಲು ಅವರ ಕರ್ಣ ಸಭೆಯಲ್ಲಿ ಎದುರಿಸಿದ್ದರೆ, ಈ ಕರ್ಣನ ಊರು ಅದನ್ನು ಲಾಠಿಯ ಎದುರು ನಿಂತು ಕೇಳಬೇಕಾಯಿತು.

ಇದನ್ನು ತಮಿಳುನಾಡಿನ ಸಂಗತಿಯೆಂದು ಬದಿಗಿಡಲು ನನಗೆ ಆಗಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಬರುತ್ತಿದ್ದ ಬಸ್ಸು ಮಾರಿಗುಡಿಯ ಮುಂದಿನ ಅರಳಿಕಟ್ಟೆಯ ಬಳಿ ನಿಂತು, ಕೇರಿಯನ್ನು ಹಾದು ನಿಲ್ಲದೆ ಮುಂದೆ ಹೋಗುತ್ತಿತ್ತು. ಕೇರಿಯವರು ಅರಳಿಕಟ್ಟೆಯವರೆಗೆ ನಡೆದು ಬಂದು, ನೆರಳಿನಿಂದ ಆಚೆ, ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಅದು ಬಸ್ಸು ನಿಲ್ಲುವ ಜಾಗ, ಅಷ್ಟೇ ಎಂದುಕೊಂಡಿದ್ದೆ.